ಬಟನ್ ಸೆಟ್ಟು, ಟಚ್ ಸೆಟ್ಟು, ಜೇಬಿನ ಪುಸ್ತಕ

ನನ್ನ ಅಂಗಿಗೆ ಮೂರು ಜೇಬು. ಒಂದರಲ್ಲಿ ಬಟನ್ ಸೆಟ್ಟು, ಇನ್ನೊಂದರಲ್ಲಿ ಟಚ್ ಸೆಟ್ಟು, ಒಳಜೇಬಿನಲ್ಲಿ ಈರುಳ್ಳಿ ಲೆಕ್ಕದ ಪುಸ್ತಕ. ನಮ್ಮೂರು ಹರಿಯಬ್ಬೆಯಲ್ಲಿ ಇದನ್ನು ಯಾರೂ ತಿರುಗಿ ನೋಡುವುದಿಲ್ಲ, ನನ್ನ ಮಗನೊಬ್ಬನನ್ನು ಬಿಟ್ಟು. "ಅಪ್ಪಾ, ಎಲ್ಲಾ ಒಂದರೊಳಗೇ ಐತಲ್ಲ, ಇಷ್ಟೊಂದು ಯಾಕೆ ಹೊತ್ಕಂಡು ತಿರುಗ್ತೀಯ?" ಹೊರುವವನು ನಾನು, ಭಾರ ಅವನಿಗೆ.

ಎಲ್ಲವನ್ನೂ ಒಂದರೊಳಗೇ ತುರುಕುವ ಆಸೆ ಹಳೆಯದು. 1994ರಲ್ಲೇ ಐಬಿಎಂನವರ 'ಸೈಮನ್' ಫೋನಿನೊಳಗೆ ಕ್ಯಾಲೆಂಡರು, ವಿಳಾಸದ ಪುಸ್ತಕ ಎಲ್ಲ ಇತ್ತು; ಮಾತಿಗೆ ಕೂತರೆ ಒಂದು ಗಂಟೆಗೆ ಬ್ಯಾಟರಿ ಖಾಲಿ. 1996ರ ಪಾಮ್ ಪೈಲಟ್ ಎಂಬ ಅಂಗೈ ದಿನಚರಿಗೆ ಮಾತೇ ಬರುತ್ತಿರಲಿಲ್ಲ, ಅದಕ್ಕೇ ಎರಡು ಸಣ್ಣ ಸೆಲ್ಲಿನಲ್ಲಿ ವಾರಗಟ್ಟಲೆ ಬಾಳುತ್ತಿತ್ತು. ಮನುಷ್ಯರಲ್ಲೂ ಹಾಗೇ. ಇತ್ತ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳೂ ಸೇರಿ ಹಳ್ಳಿಯವರಿಗೆಂದೇ ಸಿಂಪ್ಯೂಟರ್ ಎಂಬ ಕಂಪ್ಯೂಟರ್ ಕಟ್ಟಿದರು. ಅಂಗೈಯಗಲದ್ದು, ಕನ್ನಡ ಓದಿ ಹೇಳುವಂಥದ್ದು. 2004ರಲ್ಲಿ ಮಾರಾಟಕ್ಕೆ ಬಂತು, ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ಅಷ್ಟರಲ್ಲಿ ನೋಕಿಯಾ 1100 ನೆತ್ತಿಯ ಮೇಲೆ ಟಾರ್ಚು ಹಚ್ಚಿಕೊಂಡು ಹಳ್ಳಿಗಳಿಗೆ ನುಗ್ಗಿತ್ತು. ಸಿಂಪ್ಯೂಟರನ್ನು ಸೋಲಿಸಿದ್ದು ಆ ಟಾರ್ಚೇ ಎಂಬುದು ನನ್ನ ವಾದ. ನಡುರಾತ್ರಿ ತ್ರೀ ಫೇಸ್ ಕರೆಂಟು ಬಂತೆಂದು ಬೋರಿನ ಸ್ಟಾರ್ಟರ್ ಒತ್ತಲು ಓಡುವವನಿಗೆ ಕಾಣಬೇಕಾದ್ದು ದಾರಿಯ ಹಾವು, ನಾಳೆಯ ದಿನಚರಿಯಲ್ಲ.

ಇನ್ನು ಮಗನ ಒಂದೇ ಫೋನಿನ ಪ್ರತಾಪ. ಯಶವಂತಪುರದ ಮಂಡಿಯಿಂದ ಫೋನು ಬರುತ್ತದೆ: "ದಪ್ಪದ್ದು ಎಷ್ಟು ಚೀಲ, ಸಣ್ಣದ್ದು ಎಷ್ಟು?" ಲೆಕ್ಕ ಇರುವುದು ಕಿವಿಗೆ ಒತ್ತಿಕೊಂಡ ಅದೇ ಫೋನಿನೊಳಗೆ! ಕಿವಿಯಿಂದ ಕಿತ್ತು, ಬೆರಳಾಡಿಸಿ, ಎಲ್ಲೋ ತಾಗಿ ಮಾತು ಕಟ್ಟಾಗುತ್ತದೆ. ತಿರುಗಿ ಮಾಡಿದರೆ ಅವರು ಬಿಜಿ. ನಾನಾದರೆ ಬಟನ್ ಸೆಟ್ಟನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಎಂಜಲು ಬೆರಳಲ್ಲಿ ಹಾಳೆ ತಿರುವಿ, ಚೀಲವನ್ನೂ ಹೇಳುತ್ತೇನೆ, ಹೋದ ಸಲದ ಬಾಕಿಯನ್ನೂ ಹೇಳುತ್ತೇನೆ. ಬಾಕಿ ಅಂದ ತಕ್ಷಣ ಅತ್ತ ಕಡೆ ಸಿಗ್ನಲ್ ಹೋಗುತ್ತದೆ, ಅದು ಬೇರೆ ಮಾತು.

ಹಾಗಂತ ಟಚ್ ಸೆಟ್ಟು ಬೇಡವೆನ್ನುವಂತಿಲ್ಲ. ಪಹಣಿ ನೋಡಲು ಅದು ಬೇಕು, ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಫೋಟೋ ಹೊಡೆಯಲೂ ಅದೇ ಬೇಕು. ಆದರೆ ಓಟಿಪಿ ಬರುವುದು ಬಟನ್ ಸೆಟ್ಟಿಗೆ. ಅದರಲ್ಲಿ ಓದಿ ಇದರಲ್ಲಿ ಒತ್ತುತ್ತಾ ಎರಡರ ನಡುವೆ ನಾನೇ ದಲ್ಲಾಳಿ.

ನನಗೆ ಫೋನು ಮಾಡುವವರು ದಯವಿಟ್ಟು ಬಟನ್ ಸೆಟ್ಟಿಗೇ ಮಾಡಿ. ಮನೆಗೆ ಬಂದ ಮೇಲೆ ಟಚ್ ಸೆಟ್ಟು ಮೊಮ್ಮಗಳ ಪಾಲು. ಕಾರ್ಟೂನಿನ ನಡುವೆ ಯಾರ ಫೋನು ಬಂದರೂ ಅವಳು ಕಟ್ ಮಾಡುತ್ತಾಳೆ.