ಕಾರಣರಾಯರು

ಕಾರಣರಾಯರಿಲ್ಲದ ಬಡಾವಣೆ ನಮ್ಮ ಬೆಂಗಳೂರಿನಲ್ಲಿ ಸಿಗಲಾರದು. ಇವರು ವಿಜ್ಞಾನಿಯಲ್ಲ. ಓದಿದ್ದು ಬಿ.ಕಾಂ., ಸವೆಸಿದ್ದು ಲೆಕ್ಕಪತ್ರ ವಿಭಾಗದ ಕುರ್ಚಿ. ನಿವೃತ್ತಿಯ ಮಾರನೇ ದಿನದಿಂದ ಸೃಷ್ಟಿಯ ಬಾಕಿ ಲೆಕ್ಕವನ್ನೆಲ್ಲ ತಾವೇ ಚುಕ್ತಾ ಮಾಡಬೇಕೆಂದು ಹೊರಟಿರುತ್ತಾರೆ. ಗುರುತು ಹಿಡಿಯುವುದು ಸುಲಭ. ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಭೂತಗನ್ನಡಿ, ಬಾಯಲ್ಲಿ ಸದಾ "ಯಾಕೆ ಗೊತ್ತೇನ್ರೀ?" ಗೊತ್ತು ಅಂದರೆ ಪರೀಕ್ಷೆ, ಗೊತ್ತಿಲ್ಲ ಅಂದರೆ ಪಾಠ. "ಹೊತ್ತಾಯ್ತು, ಬರ್ತೀನಿ ರಾಯರೇ" ಅಂದಿರೋ, ಭೂಮಿ ತಿರುಗುವ ಕಥೆಯಿಂದ ಶುರು.

ನಮ್ಮ ಬೀದಿಯ ರಾಯರ ಪ್ರಯೋಗಶಾಲೆ ಅವರ ಮನೆಯ ಅಡುಗೆಮನೆ. ಪ್ರಯೋಗ ಮಾಡುವವರು ಅವರ ಮನೆಯವರು. ರಾಯರದು ವ್ಯಾಖ್ಯಾನ ಮಾತ್ರ. ಭಾನುವಾರದ ದೋಸೆಗೆ ಕರೆದಿದ್ದರು. ಆಕೆ ಕಾವಲಿಗೆ ನೀರು ಚಿಮುಕಿಸಿದರು. ಚುಂಯ್ ಎಂದು ಆರಲಿಲ್ಲ. ಹನಿಗಳು ಗುಂಡಗಾಗಿ ಅತ್ತಿಂದಿತ್ತ ಓಡಾಡಿದವು. ಆಕೆ ಮಾತಿಲ್ಲದೆ ಉರಿ ತಗ್ಗಿಸಿದರು. ರಾಯರು ಭೂತಗನ್ನಡಿ ತೆಗೆದರು.

"ಹೆಚ್ಚು ಕಾದ ಕಾವಲಿ ಮೇಲೆ ಹನಿ ಬೇಗ ಆರಬೇಕಲ್ಲವೇ? ಆರೋದಿಲ್ಲ! ಯಾಕೆ ಗೊತ್ತೇನ್ರೀ?"

ಕಾವಲಿಯ ಕಾವು ಸುಮಾರು 200 ಡಿಗ್ರಿ ಮುಟ್ಟಿದರೆ ಹನಿಯ ತಳ ತಕ್ಷಣ ಆವಿಯಾಗುತ್ತದಂತೆ. ಆ ಆವಿಯ ಪದರವೇ ಉಳಿದ ಹನಿಯನ್ನು ಎತ್ತಿ ಹಿಡಿಯುತ್ತದೆ. ಕಾವಲಿಗೆ ತಾಕದ ಹನಿಗೆ ಕಾವೂ ಸರಿಯಾಗಿ ತಾಕದು. ಹಾಗಾಗಿ ನಿಧಾನಕ್ಕೆ ಆರುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಇದನ್ನೇ ನೋಡಿ 1756ರಲ್ಲಿ ಬರೆದಿಟ್ಟಿದ್ದಾನೆ. ರಾಯರು ಇಷ್ಟು ಹೇಳಿ ಮುಗಿಸುವುದರೊಳಗೆ ದೋಸೆ ಸೀದಿತ್ತು. ಅದಕ್ಕೂ ಕಾರಣ ಸಿದ್ಧವಾಗಿತ್ತು. ಹೊಂಬಣ್ಣ, ಘಮಘಮ ಇರುವವರೆಗೆ ಅದು ಫ್ರಾನ್ಸಿನ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ, ಸಕ್ಕರೆ ಅಂಶಕ್ಕೂ ಪ್ರೋಟೀನಿನ ಅಂಶಕ್ಕೂ ಕಾವಿನಲ್ಲಿ ಆಗುವ ಕೂಡಾವಳಿ. ಅದರಾಚೆಗೆ ಬರೀ ಇದ್ದಿಲು.

"ಹಾಗಾದರೆ ಹೊಂಬಣ್ಣದ್ದು ನೆಂಟರಿಗೆ, ಇದ್ದಿಲು ಮಾತಾಡಿದವರಿಗೆ" ಎಂದು ಆಕೆ ಸೀದದ್ದನ್ನು ರಾಯರ ತಟ್ಟೆಗೆ ಹಾಕಿದರು.

ಇಂಥವರಿಂದ ಸಮಾಜಕ್ಕೇನು ಉಪಯೋಗ ಎಂದು ಕೇಳುವವರು ಆ ಮದುವೆಮನೆಯಲ್ಲಿರಬೇಕಿತ್ತು. ಕಾಫಿ ತಣ್ಣಗಿತ್ತೆಂದು ಗಂಡಿನವರು ಮುನಿಸಿಕೊಂಡಿದ್ದರು. ಮಾತಿಗೆ ಮಾತು ಬೆಳೆದು, ಹಳೇ ಸೀರೆಯ ವಿಷಯವೂ ಹೊರಬಂದಿತ್ತು. ರಾಯರು ನಡುವೆ ನುಗ್ಗಿ ಮೇಜಿನ ಮೇಲಿನ ಕಾಫಿ ಕಲೆ ತೋರಿಸಿದರು. "ಜಗಳ ಇರಲಿ, ಇದನ್ನು ನೋಡಿ. ಅಂಚು ಕಪ್ಪು, ನಡು ತಿಳಿ. ಯಾಕೆ ಗೊತ್ತೇನ್ರೀ?" ಚೆಲ್ಲಿದ ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ; ಹರಿಯುವಾಗ ಕಾಫಿಯ ಕಣಗಳನ್ನೂ ಹೊತ್ತೊಯ್ದು ಅಲ್ಲೇ ಇಳಿಸುತ್ತದೆ. "ಶತಮಾನಗಟ್ಟಲೆ ಜಗತ್ತೆಲ್ಲ ಕಾಫಿ ಕುಡಿದಿದೆ, ಚೆಲ್ಲಿದೆ, ಒರೆಸಿದೆ. ಈ ವಿವರಣೆ 'ನೇಚರ್' ಪತ್ರಿಕೆಯಲ್ಲಿ ಬಂದದ್ದು 1997ರಲ್ಲಿ!" ಎಂದು ತಲೆಯೆತ್ತಿ ನೋಡಿದರೆ ಎದುರಿಗೆ ಯಾರೂ ಇಲ್ಲ. ಬೀಗರಿಬ್ಬರೂ ಕೈಕೈ ಹಿಡಿದು ಊಟದ ಮನೆಗೆ ಓಡಿ ಒಂದೇ ಪಂಕ್ತಿಯಲ್ಲಿ ಕೂತಿದ್ದರು.

ರಾಯರಿಗೆ ಒಬ್ಬ ಖಾಯಂ ಎದುರಾಳಿ ಎದುರುಮನೆಯ ಯಜಮಾನರು. ಬೆಳಗಾದರೆ ಅವರ ಮೊಬೈಲಿನಿಂದ ಒಂದು 'ವೈಜ್ಞಾನಿಕ ಕಾರಣ' ಬೀದಿಗೆಲ್ಲ ಹಂಚಿಕೆಯಾಗುತ್ತದೆ. ಗುಡಿಯ ಗಂಟೆ ಬಾರಿಸಿದರೆ ಮೆದುಳಿನ ಎರಡು ಭಾಗವೂ ಒಂದಾಗುತ್ತದೆ, ನಾಸಾದವರೇ ಒಪ್ಪಿದ್ದಾರೆ ಎಂದು ಒಮ್ಮೆ ಬಂತು. ರಾಯರು ಗೇಟಿಗೇ ಹೋಗಿ ನಿಂತರು. "ಅಳೆದವರು ಯಾರು? ಯಾವುದರಲ್ಲಿ ಅಳೆದರು? ಗಂಟೆ ಬಾರಿಸದವರನ್ನೂ ಕೂರಿಸಿಕೊಂಡು ನೋಡಿದರೇ?" ವೋಚರ್ ಇಲ್ಲದ ಖರ್ಚಿಗೆ ಸರ್ವೀಸಿನುದ್ದಕ್ಕೂ ಸಹಿ ಹಾಕದ ಮನುಷ್ಯ, ನಾಸಾದ ಹೆಸರಿಗೆ ಬಗ್ಗುವರೇ? ಹಾಗಂತ ಗಂಟೆಯ ಮೇಲೆ ಅವರಿಗೆ ಸಿಟ್ಟೇನಿಲ್ಲ. ದಿನಾ ಬಾರಿಸುತ್ತಾರೆ. "ನಾದ ಚೆನ್ನಾಗಿದೆ, ಅಷ್ಟು ಸಾಲದೇ? ಅದಕ್ಯಾಕೆ ಮೆದುಳಿನ ಸರ್ಟಿಫಿಕೇಟು?"

ಹೋದ ಏಪ್ರಿಲ್ 24ರಂದು ರಾಯರು ಬೀದಿಯವರನ್ನೆಲ್ಲ ನಡು ಮಧ್ಯಾಹ್ನ ಹೊರಗೆಳೆದರು. ಅಂದು ಶೂನ್ಯ ನೆರಳಿನ ದಿನ. ಒಬ್ಬರು ಲಟ್ಟಣಿಗೆ ನಿಲ್ಲಿಸಿದರು, ಒಬ್ಬರು ಸ್ಟೀಲ್ ಲೋಟ, ಎದುರುಮನೆಯವರು ತಮ್ಮ ಊರುಗೋಲು. ಓರೆಯಾದ ಭೂಮಿ ಸೂರ್ಯನನ್ನು ಸುತ್ತುವುದರಿಂದ ಬೆಂಗಳೂರಿನ ನೆತ್ತಿಗೆ ಸೂರ್ಯ ವರ್ಷಕ್ಕೆರಡು ಸಲ ಸರಿಯಾಗಿ ಬರುತ್ತಾನೆ, ಏಪ್ರಿಲ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ. ಕರ್ಕಾಟಕ ವೃತ್ತದ ಆಚೆಗಿರುವ ದಿಲ್ಲಿಯವರಿಗೆ, ಎಂಥಾ ಮಂತ್ರಿಯಾದರೂ, ಈ ಭಾಗ್ಯವಿಲ್ಲ. ಈ ಮಾತಿಗೆ ಬಿಸಿಲಲ್ಲೂ ಚಪ್ಪಾಳೆ ಬಿತ್ತು. ಲೋಟದ ನೆರಳು ಕುಗ್ಗುತ್ತ ಕುಗ್ಗುತ್ತ 12.17ರ ಹೊತ್ತಿಗೆ ಲೋಟದ ಅಡಿಗೇ ಸೇರಿಕೊಂಡಿತು.

ಎದುರುಮನೆಯವರು ಊರುಗೋಲಿನ ಬುಡವನ್ನೇ ನೋಡುತ್ತ ನಿಂತಿದ್ದರು. "ರಾಯರೇ, ನಡು ಮಧ್ಯಾಹ್ನ ಅಂದರೆ ಹನ್ನೆರಡಲ್ಲವೇ? ಹದಿನೇಳು ನಿಮಿಷ ತಡ ಯಾಕೆ?"

ಬೀದಿಯಲ್ಲಿ ಪ್ರಶ್ನೆ ರಾಯರನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು. ಗಂಟಲು ಸರಿಮಾಡಿಕೊಂಡರು. ನಮ್ಮ ಕೈಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ ರೇಖಾಂಶದ ಲೆಕ್ಕಕ್ಕೆ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಒಂದೊಂದು ಡಿಗ್ರಿಗೂ ಸೂರ್ಯ ನಾಲ್ಕು ನಿಮಿಷ ತಡ ಎಂದು ಬಿಡಿಸಿ ಹೇಳಿದರು.

"ಅದೆಲ್ಲ ಸರಿ," ಎಂದರು ಎದುರುಮನೆಯವರು, "ಅಳೆದವರು ಯಾರು?"

ರಾಯರ ಮುಖ ಊರಗಲವಾಯಿತು. ಜೇಬಿನಿಂದ ಪೆನ್ನು ತೆಗೆದು ಅವರ ಕೈಗಿಟ್ಟು, "ನಾಳೆಯಿಂದ ನೀವೇ ಅಳೀರಿ" ಎಂದರು.

ಈಗ ಬೀದಿಯ ಎರಡೂ ಬದಿಯಲ್ಲಿ ಕಾವಲು. ತರಕಾರಿ ತರಬೇಕಾದರೆ ನಾವೆಲ್ಲ ಹಿಂಬದಿಯ ಓಣಿ ಹಿಡಿಯುತ್ತೇವೆ.