ಕಿರೀಟಧಾರಿಗೆ ನರಿಯ ನಾತ

ಇಂಗ್ಲೆಂಡಿನ ತೋಟಗಾರರಿಗೆ ಸೆಪ್ಟೆಂಬರ್ ಬಂತೆಂದರೆ ಫ್ರಿಟಿಲರಿ ಹೂಗಿಡದ ಗಡ್ಡೆ ನೆಡುವ ಸಡಗರ. ಅದರಲ್ಲೂ ‘ಕ್ರೌನ್ ಇಂಪೀರಿಯಲ್’ ದೊರೆಯ ದರ್ಬಾರೇ ಬೇರೆ. ಮೂರಡಿ ಎತ್ತರ, ನೆತ್ತಿಗೆ ಹಸಿರು ಎಲೆಗಳ ಜುಟ್ಟು, ಅದರಡಿ ತಲೆ ತಗ್ಗಿಸಿ ತೂಗುವ ಕೇಸರಿ ಹೂಗಳು. ಹತ್ತಿರ ಹೋಗಿ ಮೂಸಿದಿರೋ, ನರಿಯ ನಾತ! ಗಡ್ಡೆಯೂ ಅಷ್ಟೇ. ಮನೆಯೊಳಗೆ ಪೊಟ್ಟಣ ಬಿಚ್ಚಿದರೆ ಪಾಪ, ಎಲ್ಲರೂ ನಾಯಿಯನ್ನೇ ಗದರುತ್ತಾರೆ. ಸಾಲದ್ದಕ್ಕೆ ಗಡ್ಡೆಯ ನಡುನೆತ್ತಿಯಲ್ಲೊಂದು ತೂತು. ಅದರಲ್ಲಿ ನೀರು ನಿಂತು ಕೊಳೆತೀತೆಂದು ಹಲವರು ದೊರೆಯನ್ನು ಪಕ್ಕಕ್ಕೆ ಮಲಗಿಸಿ, 20–30 ಸೆಂಟಿಮೀಟರ್ ಆಳದಲ್ಲಿ ಹೂಳುತ್ತಾರೆ.

ಚೌಕಳಿ ಹೂವಿನ ‘ಸ್ನೇಕ್ಸ್ ಹೆಡ್’ ತಂಗಿಗೆ ಈ ಬಿಗುಮಾನವಿಲ್ಲ. ತೇವದ ಹುಲ್ಲುಗಾವಲು ಸಾಕು. ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಬಯಲಲ್ಲಿ ಏಪ್ರಿಲ್ ಹೊತ್ತಿಗೆ ಸಾವಿರಗಟ್ಟಲೆ ಅರಳುತ್ತದೆ.

ಇಬ್ಬರಿಗೂ ಶತ್ರು ಕೆಂಪು ಲಿಲಿ ಜೀರುಂಡೆ. ಹಿಡಿಯಹೋದರೆ ಅಂಗಾತ ಬಿದ್ದು ಮಣ್ಣಿನಲ್ಲಿ ಮಾಯ. ಮರಿಹುಳುಗಳಂತೂ ತಮ್ಮ ಹಿಕ್ಕೆಯನ್ನೇ ಮೈತುಂಬ ಹೊದ್ದು, ‘ಮುಟ್ಟಿ ನೋಡೋಣ’ ಎಂದು ಕೂತಿರುತ್ತವೆ. ಕೈಯಿಂದಲೇ ಹೆಕ್ಕಬೇಕು, ಗೌರವಸ್ಥರ ಹವ್ಯಾಸವೆಂದರೆ ಇದೇ!

ಬೆಂಗಳೂರಿನ ಬಾಲ್ಕನಿಯವರು ಆಸೆಪಡಬೇಡಿ. ಚಳಿಗಾಲದ ಕೊರೆಯುವ ಥಂಡಿಯಿಲ್ಲದೆ ಇವು ಹೂ ಬಿಡುವುದಿಲ್ಲ. ಸುಗಂಧರಾಜದ ಗಡ್ಡೆ ತನ್ನಿ, ಮೂಗಿಗೂ ಕ್ಷೇಮ.