ತಕ್ಕಡಿ ರಾಯರು

ಬೆಂಗಳೂರಿನಿಂದ ಯೂರೋಪಿಗೆ ಹೊರಡುವ ಯಾವ ಟೂರಿನಲ್ಲಾದರೂ ಒಬ್ಬರು ತಕ್ಕಡಿ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು. ಸೊಂಟದ ಚೀಲದಲ್ಲಿ ಪಾಸ್‌ಪೋರ್ಟು, ಕೈಯಲ್ಲಿ ಪಾಕೆಟ್ ಡೈರಿ. ಎಡಪುಟಕ್ಕೆ ಸ್ವಿಟ್ಜರ್ಲೆಂಡ್, ಬಲಪುಟಕ್ಕೆ ಇಟಲಿ. ತಾವು ನಿಂತ ನೆಲದ ಪುಟ ಗೆದ್ದದ್ದು ಇಲ್ಲವೇ ಇಲ್ಲ.

ಜ್ಯೂರಿಕ್‌ನಲ್ಲಿ ಇಳಿದದ್ದು ಭಾನುವಾರ. ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿವೆ, ವ್ಯಾಪಾರವೇನಿದ್ದರೂ ದೊಡ್ಡ ರೈಲ್ವೆ ನಿಲ್ದಾಣದೊಳಗೆ. ಅಲ್ಲಿ ಕಾಫಿಗೆ ಐದು ಫ್ರಾಂಕ್ ಕೊಟ್ಟ ರಾಯರು ಮನಸ್ಸಿನಲ್ಲೇ ಗುಣಿಸಿ ಬೆವರುತ್ತಾರೆ. “ವೀಸಾ ಒಂದೇ ಷೆಂಗೆನ್, ದುಡ್ಡು ಮಾತ್ರ ಬೇರೆ! ಇಟಲಿಯಲ್ಲಿ ಕೌಂಟರ್ ಹತ್ರ ನಿಂತು ಕುಡಿದ್ರೆ ಒಂದೂವರೆ ಯೂರೋಗೆ ಮುಗಿಯುತ್ತೆ ಕಣೇ.” ಊರಲ್ಲಿ 1,200ಕ್ಕೂ ಹೆಚ್ಚು ಕಾರಂಜಿಗಳಿವೆ, ಕುಡಿಯುವ ನೀರು ಪುಕ್ಕಟೆ ಎಂಬುದನ್ನೂ ಬರೆದುಕೊಳ್ಳುತ್ತಾರೆ, ಸಣ್ಣ ಅಕ್ಷರದಲ್ಲಿ.

57 ಕಿಲೋಮೀಟರಿನ ಗೊಟ್‌ಹಾರ್ಡ್ ಸುರಂಗ ಮುಗಿದು, ರೈಲು ಕಿಯಾಸ್ಸೊ ಗಡಿ ದಾಟಿದ್ದೇ ತಡ, ತಕ್ಕಡಿ ವಾಲುತ್ತದೆ.

ಮಿಲಾನಿನ ಹೋಟೆಲಿನಲ್ಲಿ ಮೊದಲ ಪೆಟ್ಟು ಪ್ಲಗ್ಗಿನದು. ಜ್ಯೂರಿಕ್‌ನಲ್ಲಿ ದುಬಾರಿ ಬೆಲೆ ತೆತ್ತು ಕೊಂಡ ಮೂರು ಪಿನ್ನಿನ ಅಡಾಪ್ಟರಿನಲ್ಲಿ ನಡುವಿನ ಪಿನ್ನು ಸಾಲು ಬಿಟ್ಟು ಪಕ್ಕಕ್ಕೆ ಸರಿದಿದೆ. ಇಟಲಿಯ ಗೋಡೆಯಲ್ಲಿ ಮೂರು ತೂತೂ ಒಂದೇ ಸಾಲಿನಲ್ಲಿವೆ. ರಾಯರು ಒತ್ತುತ್ತಾರೆ, ತಿರುಗಿಸುತ್ತಾರೆ, ಎಂಜಿನಿಯರುಗಳನ್ನು ಬಯ್ಯುತ್ತಾರೆ. ಮನೆಯಿಂದ ತಂದ ತೆಳು ಎರಡು ಪಿನ್ನಿನ ಮೊಬೈಲ್ ಚಾರ್ಜರನ್ನು ಹೆಂಡತಿ ಎರಡು ದೇಶದಲ್ಲೂ ಸುಮ್ಮನೆ ಸಿಕ್ಕಿಸಿಕೊಂಡು ಮಲಗಿರುತ್ತಾರೆ.

ಮರುದಿನ ಊಟದ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂಬ ಸಾಲು. “ಕೂತಿದ್ದಕ್ಕೂ ದುಡ್ಡಾ?” ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆಯೇ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ ಎಂದು ಗೈಡ್ ಹೇಳಿದಾಗಲಂತೂ ರಾಯರಿಗೆ ಸ್ವಿಟ್ಜರ್ಲೆಂಡಿನ ವಿರಹ ಉಕ್ಕುತ್ತದೆ. “ಅಲ್ಲಿ ಒಂದು ಪಾಸ್ ಇದ್ರೆ ರೈಲು, ಬಸ್ಸು, ದೋಣಿ ಎಲ್ಲಾ ಆಯ್ತು. ಅದಪ್ಪಾ ದೇಶ ಅಂದ್ರೆ!”

“ಅಲ್ಲಿದ್ದಾಗ ಹಂಗೆ ಹೇಳ್ಲಿಲ್ವಲ್ರೀ?”

ರೋಮಿನ ಬೀದಿ ನಲ್ಲಿಗಳಿಗೆ ‘ನಸೋನೆ’ ಎನ್ನುತ್ತಾರೆ. ಬಾಯಿಗೆ ಬೆರಳೊತ್ತಿ ಹಿಡಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ. ಪರೀಕ್ಷಿಸಲು ಬಗ್ಗಿದ ರಾಯರ ಮುಖ, ಕನ್ನಡಕ, ಡೈರಿಯ ಎಡಪುಟ, ಬಲಪುಟ ಎಲ್ಲ ಒದ್ದೆ. ಅಷ್ಟರಲ್ಲಿ ಮಗಳ ಫೋನು: “ಅಪ್ಪಾ, ಎರಡರಲ್ಲಿ ಯಾವುದು ಚೆನ್ನಾಗಿದೆ?”

“ಆಸ್ಟ್ರಿಯಾ,” ಎನ್ನುತ್ತಾರೆ ರಾಯರು, ಕನ್ನಡಕ ಒರೆಸಿಕೊಳ್ಳುತ್ತಾ.